ಮುಂಗಡ ಕೊಡುವ ಮೊದಲು ಮೂವರು ಹೆಣ್ಣುಮಕ್ಕಳನ್ನು ಕಂಡೆ

ಚಿತ್ರದುರ್ಗದಲ್ಲಿ ಮನೆ ಹುಡುಕಲು ಹೊರಟಾಗ ನಾನು ಮೊದಲು ಮನಸೋತದ್ದು ಕೋಟೆಯ ಬುಡದ ಹಳೆಯ ಮನೆಯೊಂದಕ್ಕೆ. ಮುಂದೆ ಕಲ್ಲಿನ ಜಗಲಿ, ಹಿತ್ತಲಿಗೆ ಹೋದರೆ ಎದುರಿಗೇ ಬಂಡೆ. ಮೇಲೊಂದು ಮಹಡಿ ಎತ್ತಿದರೆ ಮಗಳ ಸಂಸಾರಕ್ಕೂ ಆಯಿತು ಎಂದುಕೊಂಡೆ. ಆದರೆ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಅದರ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸದಾಗಿ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅಲ್ಲಿಂದಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿಯೂ ಅನುಮತಿಯಿಲ್ಲದೆ ಇಟ್ಟಿಗೆ ಇಡುವಂತಿಲ್ಲ. ಮಾರುವವರು ಇದನ್ನು ತಾವಾಗಿ ಹೇಳಲಿಲ್ಲ. ನಾನು ಆ ಮನೆಯನ್ನು ಬಿಟ್ಟೆ.

ಎರಡನೆಯ ಮನೆ ಹೊಳಲ್ಕೆರೆ ರಸ್ತೆಯ ಕಡೆಗೆ ಸಿಕ್ಕಿತು. ಗೋಡೆ ಗಟ್ಟಿಯಾಗಿತ್ತು, ಸಂಪು ದೊಡ್ಡದಿತ್ತು, ಬೆಲೆ ಕೈಗೆಟಕುವಂತಿತ್ತು. ಕಾಗದಗಳೂ ಚೊಕ್ಕಟವಾಗಿ ಕಂಡವು. ಖಾತೆ ಹಿರಿಯ ಮಗನ ಹೆಸರಿನಲ್ಲಿತ್ತು, ಕಂದಾಯ ಬಾಕಿಯಿರಲಿಲ್ಲ, 30 ವರ್ಷಗಳ ಋಣಭಾರ ಪತ್ರದಲ್ಲಿ ಒಂದು ಸಾಲವೂ ಇರಲಿಲ್ಲ. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ. ಅವರು 2001ರಲ್ಲಿ, ತಾಯಿ ಆಮೇಲೆ ತೀರಿಕೊಂಡಿದ್ದರು. ಇಬ್ಬರೂ ಉಯಿಲು ಬರೆದಿರಲಿಲ್ಲ. ಇಬ್ಬರು ಗಂಡುಮಕ್ಕಳು ಮಾರಲು ಸಿದ್ಧರಿದ್ದರು.

‘ಹೆಣ್ಣುಮಕ್ಕಳು?’ ಎಂದು ಕೇಳಿದೆ.

‘ಮೂವರಿದ್ದಾರೆ, ಎಲ್ಲರಿಗೂ ಮದುವೆಯಾಗಿದೆ. ತಂದೆ 2005ಕ್ಕೆ ಮುಂಚೆಯೇ ತೀರಿಕೊಂಡಿದ್ದಾರಲ್ಲ, ಅವರಿಗೆ ಹಕ್ಕು ಬರುವುದಿಲ್ಲ’ ಎಂದರು ಮಧ್ಯವರ್ತಿ.

ಈ ಮಾತನ್ನು ನಾನು ಅನೇಕರ ಬಾಯಲ್ಲಿ ಕೇಳಿದ್ದೇನೆ. ಇದು ತಪ್ಪು, ಮತ್ತು ಬಹಳ ದುಬಾರಿಯಾದ ತಪ್ಪು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟದ್ದು ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ, ಅವರು ಉಯಿಲು ಬರೆಯದೆ ತೀರಿಕೊಂಡರೆ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಎಂದು 1956ರ ಮೂಲ ಕಾಯ್ದೆಯೇ ಹೇಳಿದೆ. ತಾಯಿಯೂ ಉಯಿಲಿಲ್ಲದೆ ತೀರಿಕೊಂಡದ್ದರಿಂದ ಅವರ ಪಾಲೂ ಐವರು ಮಕ್ಕಳಿಗೆ ಸಮನಾಗಿ ಹೋಯಿತು. ಅಂದರೆ ಆ ಮನೆಯ ಐದರಲ್ಲಿ ಮೂರು ಪಾಲು ನಾನು ಇನ್ನೂ ಮುಖ ನೋಡದ ಹೆಂಗಸರದ್ದು. ಖಾತೆ ಕಂದಾಯ ಕಟ್ಟುವವರು ಯಾರೆಂದು ಹೇಳುತ್ತದೆಯೇ ಹೊರತು ಒಡೆಯರು ಯಾರೆಂದು ಹೇಳುವುದಿಲ್ಲ. ಋಣಭಾರ ಪತ್ರದಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ. ಸಾವಿನಿಂದ ಬಂದ ಹಕ್ಕು ಅದರಲ್ಲಿ ಮೂಡುವುದೇ ಇಲ್ಲ. ನಾನು ಚೊಕ್ಕಟವೆಂದುಕೊಂಡ ಕಾಗದಗಳಲ್ಲಿ ಆ ಮೂವರ ಸುಳಿವೇ ಇರಲಿಲ್ಲ.

‘ಬೇಕಾದರೆ ಅವರಿಂದ ಸಹಿ ಹಾಕಿಸಿಕೊಂಡು ಬರುತ್ತೇವೆ’ ಎಂದರು ಅಣ್ಣತಮ್ಮಂದಿರು. ಆ ಮಾತು ಕೇಳಿ ಎದೆ ಭಾರವಾಯಿತು. 1998ರಲ್ಲಿ ನಮ್ಮ ತಂದೆಯ ಮನೆ ಮಾರಿದಾಗ ನಾನೂ ಹಾಗೆಯೇ ಸಹಿ ಹಾಕಿದವಳು. ನೋಂದಣಿ ಕಚೇರಿಯ ಬೆಂಚಿನ ಮೇಲೆ ಅಣ್ಣ ಪೆನ್ನು ಕೊಟ್ಟ. ಬೆರಳು ತೋರಿದಲ್ಲೆಲ್ಲ ಹೆಸರು ಬರೆದೆ. ಅದು ಹಕ್ಕು ಬಿಡುಗಡೆ ಪತ್ರ ಎಂದು ತಿಳಿದದ್ದು ವರ್ಷಗಳ ನಂತರ. ನಾನು ಕೊಳ್ಳುವ ಮನೆಗೆ ಅಂಥ ಸಹಿ ಬೇಡ ಎಂದು ಅಂದೇ ತೀರ್ಮಾನಿಸಿದೆ.

ನಾಡಕಚೇರಿಯಿಂದ ವಂಶವೃಕ್ಷ ತರಿಸಿ, ಮುಂಗಡ ಕೊಡುವ ಮೊದಲೇ ಮೂವರನ್ನೂ ಕಾಣಲು ಹೊರಟೆ. ದೊಡ್ಡವರು ದಾವಣಗೆರೆಯಲ್ಲಿದ್ದರು, ನಡುವಿನವರು ಹೊಸದುರ್ಗದಲ್ಲಿ. ಬೆಲೆ ಎಷ್ಟೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಕಿರಿಯವರು ಹಿರಿಯೂರಿನಲ್ಲಿದ್ದರು. ಕರಡು ಪತ್ರವನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಚೆಕ್ಕುಬಂದಿಯ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದ, ಹತ್ತಿರ ಬಂದಾಗ ಬೆರಳು ನಿಂತಿತು. ‘ಉತ್ತರಕ್ಕೆ ಇರುವ ಓಣಿ ನಮ್ಮದೊಬ್ಬರದ್ದೇ ಅಲ್ಲ. ಹಿಂದಿನ ಮನೆಯವರಿಗೂ ಅದೇ ದಾರಿ. ಅಪ್ಪ ಅವರಿಗೆ ಬಿಟ್ಟುಕೊಟ್ಟಿದ್ದರು’ ಎಂದರು. ಕರಡಿನಲ್ಲಿ ಆ ಓಣಿಯೂ ಮನೆಯ ಅಳತೆಯೊಳಗೆ ಸೇರಿಹೋಗಿತ್ತು. ಮೂಲ ಪತ್ರ ತೆಗೆಸಿ ನೋಡಿದರೆ ಅವರ ಮಾತೇ ಸರಿ. ಆ ಮನೆಯಲ್ಲಿ ಹುಟ್ಟಿ ಬೆಳೆದವರನ್ನು ಕೇಳದೆ ಕೊಂಡಿದ್ದರೆ ಗೃಹಪ್ರವೇಶವಾದ ಮರುದಿನವೇ ನೆರೆಮನೆಯವರೊಂದಿಗೆ ಜಗಳ ಶುರುವಾಗುತ್ತಿತ್ತು.

ಇಲ್ಲೇ ಇನ್ನೊಂದು ಮಾತು: ಮೂಲ ಪತ್ರದ ಅಸಲನ್ನು ಕಣ್ಣಾರೆ ನೋಡಿ. ಅಸಲು ಸಿಗದಿದ್ದರೆ ಅದು ಸಾಲಕ್ಕಾಗಿ ಎಲ್ಲೋ ಅಡವಿದ್ದಿರಬಹುದು. ಇ-ಕೋರ್ಟ್ ವೆಬ್‌ಸೈಟಿನಲ್ಲಿ ಮಾರುವವರ ಹೆಸರು ಹಾಕಿ ದಾವೆ ಇದೆಯೇ ಎಂದೂ ಹುಡುಕಿ.

ನಾನಿಟ್ಟ ಷರತ್ತು ಎರಡು. ಮೊದಲು ಇ-ಖಾತೆ ಐವರ ಹೆಸರಿಗೂ ಆಗಬೇಕು. ಎರಡನೆಯದು, ಐವರೂ ಮಾರಾಟಗಾರರಾಗಿಯೇ ಸಹಿ ಹಾಕಬೇಕು, ಹಣ ಐದು ಬೇರೆ ಬೇರೆ ಚೆಕ್ಕಿನಲ್ಲಿ ಹೋಗಬೇಕು, ಚೆಕ್ಕಿನ ಸಂಖ್ಯೆ ಕ್ರಯಪತ್ರದಲ್ಲಿ ಬರಬೇಕು. ‘ಸ್ವಲ್ಪ ನಗದು ಕೊಡಿ’ ಎಂಬ ಒತ್ತಾಯವೂ ಬಂತು. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದೆಂದು ವಕೀಲರು ತಿಳಿಸಿದ ಮೇಲೆ ಅದು ನಿಂತಿತು.

ಖಾತೆ ಬದಲಾವಣೆಗೆ ತಿಂಗಳುಗಳು ಹಿಡಿದವು. ಅಷ್ಟರಲ್ಲಿ, 2025ರ ಆಗಸ್ಟ್ 31ರಿಂದ, ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು ಮತ್ತು ಸರ್ಚಾರ್ಜು ಸೇರಿ ನನಗೆ ಒಟ್ಟು ಶೇ 7.6 ಬಿತ್ತು. ಕಾದದ್ದಕ್ಕೆ ತೆತ್ತ ಆ ಒಂದು ಶೇಕಡಾ ಸಣ್ಣ ಮೊತ್ತವಲ್ಲ. ಆದರೂ ಅದನ್ನು ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ.

ನೋಂದಣಿಯ ದಿನ ಅಕ್ಕತಂಗಿಯರು ಮೂವರೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ಹಿರಿಯೂರಿನವರು ಅಂತಿಮ ಪತ್ರವನ್ನು ಇಸಿದುಕೊಂಡು ಅಕ್ಕಂದಿರಿಬ್ಬರಿಗೂ ಕೇಳಿಸುವಂತೆ ಓದಿದರು. ಓದಿ ಮುಗಿಯುವವರೆಗೆ ಯಾರೂ ಅವಸರಪಡಿಸಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಸಹಿ ಮಾಡಿ, ಹೆಬ್ಬೆರಳಿನ ಗುರುತು ಕೊಟ್ಟು, ತಮ್ಮ ತಮ್ಮ ಚೆಕ್ಕನ್ನು ಚೀಲದೊಳಗಿಟ್ಟುಕೊಂಡರು.

ಈಗ ಖಾತೆ ನನ್ನ ಹೆಸರಿಗೆ ಬಂದಿದೆ. ಉತ್ತರದ ಓಣಿಗೆ ನಾನು ಗೇಟು ಹಾಕಿಸಿಲ್ಲ.