ಹತ್ತು, ಎಂಟು

ಕೆಲಸದ ಮೇಲೆ ಚೀನಾದ ಸೂಜೌಗೆ ಹೋಗುವಾಗ ವೀಣೆ ಮೈಸೂರಿನಲ್ಲೇ ಉಳಿಯಿತು. ಕೈ ಸುಮ್ಮನಿರಬೇಕಲ್ಲ, ಗುಚಿನ್ ಅನ್ನುವ ಚೀನೀ ತಂತಿವಾದ್ಯದ ಪಾಠಕ್ಕೆ ಸೇರಿಕೊಂಡೆ. ಏಳು ತಂತಿ, ಸುಮಾರು ನಾಲ್ಕು ಅಡಿ ಉದ್ದ, ಮೆಟ್ಟಿಲೇ ಇಲ್ಲ. ಅಂಚಿನುದ್ದಕ್ಕೂ ಹದಿಮೂರು ಚುಕ್ಕಿ, ಅದಕ್ಕೆ 'ಹ್ವೇ' ಅನ್ನುತ್ತಾರೆ. ಬಲಗೈ ಮೀಟಬೇಕು, ಎಡಗೈ ಒತ್ತಿ ಜಾರಬೇಕು. ಕಿರುಬೆರಳುಗಳಿಗೆ ರಜೆ.

ಲಾವ್‌ಶಿ (ಅಲ್ಲಿ ಗುರುಗಳನ್ನು ಕರೆಯುವುದೇ ಹೀಗೆ) ಮೊದಲ ದಿನ ತಂತಿಗಳನ್ನು ಒತ್ತದೆ ಒಂದೊಂದಾಗಿ ಮೀಟಿದರು. ಮೂರನೆಯದನ್ನು ಷಡ್ಜ ಅಂದುಕೊಂಡು ಕೇಳಿದೆ: ಪ ದ ಸ ರಿ ಗ ಪ ದ. ಮೋಹನ ರಾಗ! ಅವರ ಐದು ಸ್ವರಗಳು ಗೋಂಗ್, ಶಾಂಗ್, ಜುಯೆ, ಝಿ, ಯು. ಶಾಂಗ್ ಆಧಾರವಾದರೆ ಮಧ್ಯಮಾವತಿ, ಜುಯೆಯಾದರೆ ಹಿಂದೋಳ, ಝಿಗೆ ಶುದ್ಧ ಸಾವೇರಿ, ಯುಗೆ ಶುದ್ಧ ಧನ್ಯಾಸಿ. ಷಡ್ಜವನ್ನು ಸರಿಸಿ ಬೇರೆ ರಾಗ ಪಡೆಯುವ ನಮ್ಮ ಗ್ರಹಭೇದವೇ. ಸ್ವರಸ್ಥಾನ ಮಾತ್ರ ಒಂದು, ರಾಗವಲ್ಲ ಅನ್ನುವುದು ಆಗ ಹೊಳೆಯಲಿಲ್ಲ, ಜಂಬ ಬಂತು.

ಅದು ಇಳಿದದ್ದು 'ಶ್ಯೆನ್‌ವೆಂಗ್ ತ್ಸಾವ್' ಕಲಿಯುವಾಗ. ಶ್ರುತಿ ನೋಡಿಕೊಳ್ಳಲಿಕ್ಕೇ ಇರುವ ಕೃತಿ ಅದು: ಒಂದು ತಂತಿಯನ್ನು ಒತ್ತಿದಾಗ ಬರುವ ಸ್ವರ ಇನ್ನೊಂದು ಬಿಡಿ ತಂತಿಯ ಜೊತೆ ಕೂಡಬೇಕು. ನಾಲ್ಕನೆಯದನ್ನು ಹತ್ತನೇ ಹ್ವೇಯಲ್ಲಿ ಒತ್ತಿದರೆ ಆರನೆಯದು ಸಿಕ್ಕಿತು. ಮುಂದೆ ಮೂರನೇ ತಂತಿ, ಹದಿನೆಂಟನೇ ಹ್ವೇ ಅಂತ ಬರೆದಿತ್ತು. ಇರುವುದೇ ಹದಿಮೂರು! ಅವರ ಸಂಗೀತ ಲಿಪಿಯಲ್ಲಿ ಸ್ವರವೂ ಇರುವುದಿಲ್ಲ, ಕಾಲವೂ ಇರುವುದಿಲ್ಲ. ಯಾವ ಬೆರಳು, ಯಾವ ತಂತಿ, ಎಲ್ಲಿ ಒತ್ತಬೇಕು, ಇಷ್ಟೇ. ಅಚ್ಚಿನ ತಪ್ಪಿರಬೇಕು ಅಂದುಕೊಂಡು ಹನ್ನೊಂದನೇ ಚುಕ್ಕಿಯಲ್ಲಿ ಬೆರಳಿಟ್ಟೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಅಚ್ಚುಕಟ್ಟಾದ ಗಾಂಧಾರ. ಆದರೆ ಐದನೇ ತಂತಿ ಅದಕ್ಕಿಂತ ಒಂದೆಳೆ ಮೇಲೆ ನುಡಿಯಿತು. ಬಿರಡೆ ಸಡಿಲಿಸಲು ಹೋದೆ.

ಲಾವ್‌ಶಿ ಕೈ ತಡೆದು, ಬೆರಳನ್ನು ಒಂದು ಸೆಂಟಿಮೀಟರಿನಷ್ಟು ಬಲಕ್ಕೆ ಸರಿಸಿದರು. "ಹತ್ತು, ಎಂಟು" ಅಂದರು. ಚೀನೀ ಅಂಕಿಯಲ್ಲಿ ಹದಿನೆಂಟನ್ನೂ ಹೀಗೇ ಬರೆಯುತ್ತಾರೆ. ಆದರೆ ಇದು ಹದಿನೆಂಟಲ್ಲ, ಹತ್ತರಿಂದ ಹನ್ನೊಂದರವರೆಗಿನ ಜಾಗವನ್ನು ಹತ್ತು ಪಾಲು ಮಾಡಿ ಎಂಟನೆಯದು. ತಂತಿಗಳೆರಡೂ ಕೂಡಿದವು.

ಯಾಕೆ ಹೀಗೆ ಎಂದು ಹುಡುಕಿದಾಗ ಹಾನ್ ಕಾಲದ ಇತಿಹಾಸಕಾರ ಸಿಮಾ ಛಿಯೆನ್ ಕೊಟ್ಟ ಲೆಕ್ಕ ಸಿಕ್ಕಿತು. ಉದ್ದದ ಲೆಕ್ಕದಲ್ಲಿ ಗೋಂಗ್ 81. ಮೂರನೇ ಒಂದು ಪಾಲು ಕಳೆದರೆ ಝಿ 54. ಅದಕ್ಕೆ ಅದರದೇ ಮೂರನೇ ಒಂದು ಪಾಲು ಕೂಡಿಸಿದರೆ ಶಾಂಗ್ 72. ಮತ್ತೆ ಕಳೆದರೆ ಯು 48, ಕೂಡಿಸಿದರೆ ಜುಯೆ 64. ಪಂಚಮದ ಮೇಲೆ ಪಂಚಮ ಹತ್ತಿ ಬಂದ ಗಾಂಧಾರ ಅದು. ನನ್ನ ಕಿವಿ ಕೇಳುತ್ತಿದ್ದದ್ದು ಹನ್ನೊಂದನೇ ಚುಕ್ಕಿಯ 64.8. ಆ ಸೆಂಟಿಮೀಟರು ಈ ಬಿಂದು ಎಂಟರದ್ದೇ.

ಈಗಲೂ ಕಣ್ಣು ಮುಚ್ಚಿ ನುಡಿಸಿದರೆ ಬೆರಳು ಹನ್ನೊಂದಕ್ಕೇ ಹೋಗಿ ಕೂರುತ್ತದೆ.