ಡೌನ್‌ಲೋಡ್ ಆದ ಕಡತವನ್ನು ತೆರೆಯುವ ಮುನ್ನ

ವೈರಸ್ ಇರುವ ಕಡತ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಸುಮ್ಮನೆ ಬಿದ್ದಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನಾವು ಅದನ್ನು ತೆರೆದು, ಅದು ಕೇಳುವ ಅನುಮತಿಯನ್ನು ಕೊಟ್ಟಾಗಲೇ ಬಹುಪಾಲು ಹಾನಿ ಆರಂಭವಾಗುತ್ತದೆ. ವಿಂಡೋಸ್ ಇರುವ ಮನೆಯ ಕಂಪ್ಯೂಟರಿನಲ್ಲಿ ಈ ಅನುಮತಿಯನ್ನು ಎಲ್ಲೆಲ್ಲಿ ಕೇಳಲಾಗುತ್ತದೆ, ಎಲ್ಲಿ ಕೇಳದೆಯೇ ಕೆಲಸ ನಡೆದುಹೋಗುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ರಕ್ಷಣೆ ಆದಂತೆಯೇ.

ಮೊದಲು ಕಡತದ ಪೂರ್ತಿ ಹೆಸರು ಕಣ್ಣಿಗೆ ಬೀಳುವಂತೆ ಮಾಡಿಕೊಳ್ಳಬೇಕು. ವಿಂಡೋಸ್ ತಾನಾಗಿಯೇ ಹೆಸರಿನ ಬಾಲವನ್ನು, ಅಂದರೆ ಎಕ್ಸ್‌ಟೆನ್ಷನ್ ಅನ್ನು, ಮರೆಮಾಡುತ್ತದೆ. 2000ದ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ 'ಐ ಲವ್ ಯೂ' ವೈರಸ್ ಬಳಸಿಕೊಂಡದ್ದು ಇದನ್ನೇ: ಕಡತದ ಹೆಸರು ಬರೀ ಪಠ್ಯವನ್ನು ಸೂಚಿಸುವ ಟಿ-ಎಕ್ಸ್-ಟಿ ಎಂದು ಮುಗಿದಂತೆ ಕಾಣುತ್ತಿತ್ತು, ಅದರ ಹಿಂದೆ ಅಡಗಿದ್ದ, ಪ್ರೋಗ್ರಾಂ ಎಂದು ಹೇಳುವ ವಿ-ಬಿ-ಎಸ್ ಎಂಬ ನಿಜವಾದ ಬಾಲ ಬಹುಪಾಲು ಜನರಿಗೆ ಕಾಣುತ್ತಿರಲಿಲ್ಲ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು, 'ವ್ಯೂ', ಅದರೊಳಗೆ 'ಶೋ', ಅದರೊಳಗೆ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದಕ್ಕೆ ಗುರುತು ಹಾಕಿದರೆ ಬಾಲ ಕಾಣತೊಡಗುತ್ತದೆ. ಪಿಡಿಎಫ್ ಎಂದು ಹೇಳಿ ಕಳಿಸಿದ ಆಮಂತ್ರಣ ಪತ್ರಿಕೆಯ ಬಾಲ ಇ-ಎಕ್ಸ್-ಇ ಎಂದಿದ್ದರೆ ಅದು ಪತ್ರಿಕೆಯಲ್ಲ, ಪ್ರೋಗ್ರಾಂ, ಅದನ್ನು ಅಳಿಸಿಬಿಡಬೇಕು. ವರ್ಡ್ ಕಡತಗಳಲ್ಲಿ ಡಿ-ಒ-ಸಿ-ಎಕ್ಸ್ ಎಂಬುದು ತನ್ನೊಳಗೆ ಮ್ಯಾಕ್ರೋ ಇಟ್ಟುಕೊಳ್ಳಲಾರದು, ಡಿ-ಒ-ಸಿ-ಎಂ ಎಂಬುದು ಇಟ್ಟುಕೊಳ್ಳಬಲ್ಲದು, ಬರೀ ಡಿ-ಒ-ಸಿ ಎಂದಿರುವ ಹಳೆಯ ಬಗೆಯದರಲ್ಲಿ ಮ್ಯಾಕ್ರೋ ಇದೆಯೋ ಇಲ್ಲವೋ ಎಂದು ಹೆಸರು ನೋಡಿ ಹೇಳಲಾಗದು.

ಮ್ಯಾಕ್ರೋ ಎಂದರೆ ವರ್ಡ್ ಅಥವಾ ಎಕ್ಸೆಲ್ ಕಡತದೊಳಗೇ ಕುಳಿತ ಪುಟ್ಟ ಪ್ರೋಗ್ರಾಂ. ಲೆಕ್ಕಪತ್ರದ ಕೆಲಸದವರಿಗೆ ಅದು ದಿನನಿತ್ಯದ ಸಲಕರಣೆಯಾದರೂ ಮನೆಯಲ್ಲಿ ಪತ್ರ, ಬಯೋಡೇಟಾ, ಅರ್ಜಿ ನಮೂನೆ ತೆರೆಯುವವರಿಗೆ ಅದರ ಅಗತ್ಯ ಇಲ್ಲವೆಂದೇ ಹೇಳಬೇಕು. 1999ರ ಮಾರ್ಚ್‌ನಲ್ಲಿ ಹಬ್ಬಿದ ಮೆಲಿಸ್ಸಾ ಇಂಥದ್ದೇ ಮ್ಯಾಕ್ರೋ. ಕಡತ ತೆರೆದವರ ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ಅದು ತನ್ನನ್ನು ತಾನೇ ಕಳಿಸಿಕೊಳ್ಳುತ್ತಿತ್ತು. ಹದಿನೈದು ವರ್ಷಗಳ ನಂತರ ಬಂದ ಎಮೋಟೆಟ್ ಕೂಡ ವರ್ಡ್ ಕಡತದ ಮೂಲಕವೇ ಒಳಗೆ ನುಗ್ಗುತ್ತಿತ್ತು, ಮತ್ತು ಅದರ ವೇಷವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಕಡತ ತೆರೆದರೆ ಒಳಗೆ ಪತ್ರವಿರುವುದಿಲ್ಲ. ಮೈಕ್ರೋಸಾಫ್ಟ್ ಕಂಪನಿಯೇ ಬರೆದಂತೆ ಕಾಣುವ ಒಂದು ಚಿತ್ರವಿರುತ್ತದೆ. ಈ ದಾಖಲೆಯನ್ನು ಬೇರೆ ಆವೃತ್ತಿಯಲ್ಲಿ ಸಿದ್ಧಪಡಿಸಲಾಗಿದೆ, ಓದಲು ಮೇಲಿನ ಹಳದಿ ಪಟ್ಟಿಯಲ್ಲಿ 'ಎನೇಬಲ್ ಎಡಿಟಿಂಗ್' ಒತ್ತಿ, ಬಳಿಕ 'ಎನೇಬಲ್ ಕಂಟೆಂಟ್' ಒತ್ತಿ ಎಂದು ಅದರಲ್ಲಿ ವಿನಯದಿಂದ ಬರೆದಿರುತ್ತದೆ. ಆ ಎರಡನೆಯ ಗುಂಡಿಯೇ ಮ್ಯಾಕ್ರೋಗೆ ಕೊಡುವ ಅಪ್ಪಣೆ. ಓದುವುದಕ್ಕೆ ಅದನ್ನು ಒತ್ತಬೇಕಾದ ಅಗತ್ಯ ಯಾವ ಪತ್ರಕ್ಕೂ ಇರುವುದಿಲ್ಲ. ಗುಂಡಿ ಒತ್ತಲು ಕಡತವೇ ಬೇಡಿಕೊಳ್ಳುತ್ತಿದ್ದರೆ ಅಲ್ಲಿಗೇ ಮುಚ್ಚಬೇಕು.

ಇಂಟರ್ನೆಟ್‌ನಿಂದ ಬಂದ ಕಡತಗಳಲ್ಲಿ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುವ ಕ್ರಮವನ್ನು ಮೈಕ್ರೋಸಾಫ್ಟ್ 2022ರಲ್ಲಿ ಜಾರಿಗೆ ತಂದಿತು. ಹೊಸ ಆಫೀಸ್‌ನಲ್ಲಿ ಈಗ ಹಳದಿಯ ಬದಲು ಕೆಂಪು ಛಾಯೆಯ ಪಟ್ಟಿ ಬರುತ್ತದೆ, ಅದರಲ್ಲಿ ಒಪ್ಪಿಗೆಯ ಗುಂಡಿಯೇ ಇರುವುದಿಲ್ಲ. ಆದರೆ ಈ ತಡೆಗೊಂದು ಸಂದು ಇದೆ. ಕಡತ ಹೊರಗಿನಿಂದ ಬಂದದ್ದು ಎಂದು ಗೊತ್ತಾಗುವುದು ಬ್ರೌಸರ್ ಅದಕ್ಕೆ ಅಂಟಿಸುವ ಒಂದು ಅಡಗಿದ ಗುರುತಿನಿಂದ, ಮತ್ತು ಆ ಗುರುತು ವಿಂಡೋಸ್ ಹಾರ್ಡ್ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಮಾತ್ರ ಉಳಿಯುತ್ತದೆ. ಸಾಮಾನ್ಯ ಪೆನ್‌ಡ್ರೈವ್‌ಗೆ ಹಾಕಿದೊಡನೆ ಅದು ಅಳಿದುಹೋಗುತ್ತದೆ. ಹೀಗಾಗಿ ಡಿಟಿಪಿ ಅಂಗಡಿಯಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬಂದ ಕಡತ ಮನೆಯಲ್ಲಿ ಯಾವ ಎಚ್ಚರಿಕೆಯ ಪಟ್ಟಿಯೂ ಇಲ್ಲದೆ ತೆರೆದುಕೊಳ್ಳಬಹುದು. ಪಟ್ಟಿ ಬರಲಿಲ್ಲವೆಂದು ಕಡತ ಶುದ್ಧವೆಂದು ತಿಳಿಯಬಾರದು. ಈ ಸಂದನ್ನು ಮುಚ್ಚಲು ವರ್ಡ್‌ನಲ್ಲಿ 'ಫೈಲ್', 'ಆಪ್ಷನ್ಸ್', 'ಟ್ರಸ್ಟ್ ಸೆಂಟರ್', 'ಟ್ರಸ್ಟ್ ಸೆಂಟರ್ ಸೆಟ್ಟಿಂಗ್ಸ್' ಮೂಲಕ 'ಮ್ಯಾಕ್ರೋ ಸೆಟ್ಟಿಂಗ್ಸ್'ಗೆ ಹೋಗಿ, ಸೂಚನೆಯನ್ನೂ ಕೊಡದೆ ಎಲ್ಲ ಮ್ಯಾಕ್ರೋಗಳನ್ನು ತಡೆಯುವ ಆಯ್ಕೆಯನ್ನು ಆರಿಸಬೇಕು; ಎಕ್ಸೆಲ್‌ನಲ್ಲಿ ಇದನ್ನೇ ಮತ್ತೊಮ್ಮೆ ಮಾಡಬೇಕು, ಏಕೆಂದರೆ ಒಂದರ ಸೆಟ್ಟಿಂಗ್ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿವೆ ಎಂಬ ಕಾರಣಕ್ಕೆ ಆಫೀಸ್ 2007 ಅನ್ನೇ ಇಟ್ಟುಕೊಂಡವರಿಗೆ ಇಲ್ಲೊಂದು ಮಾತು ಹೇಳಬೇಕು. ಸಂಶಯದ ಕಡತವನ್ನು ಓದಲು ಮಾತ್ರ ತೆರೆದು ತೋರಿಸುವ 'ಪ್ರೊಟೆಕ್ಟೆಡ್ ವ್ಯೂ' ಬಂದದ್ದೇ ಆಫೀಸ್ 2010ರಲ್ಲಿ. 2007ಕ್ಕೆ ಭದ್ರತಾ ಅಪ್‌ಡೇಟ್‌ಗಳು 2017ರಲ್ಲೇ ನಿಂತಿವೆ. ನುಡಿ ಫಾಂಟುಗಳನ್ನು ಹಾಕಿಕೊಂಡರೆ ಆ ಕಡತಗಳು ಹೊಸ ವರ್ಡ್‌ನಲ್ಲೂ ಓದಲು ಸಿಗುತ್ತವೆ.

ಅಪ್‌ಡೇಟ್‌ಗಳನ್ನು ಅಲಕ್ಷಿಸಬಾರದು ಎನ್ನುವುದಕ್ಕೆ ಕಾರಣ ಅನುಮತಿಯನ್ನೇ ಕೇಳದ ದಾಳಿಗಳು. 2022ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ಫೊಲಿನಾ ಎಂಬ ದೋಷಕ್ಕೆ ಮ್ಯಾಕ್ರೋ ಬೇಕಿರಲಿಲ್ಲ. ವರ್ಡ್ ತೆರೆಯಬಲ್ಲ ಇನ್ನೊಂದು ಬಗೆಯದಾದ ಆರ್‌ಟಿಎಫ್ ಕಡತವನ್ನು ತೆರೆಯದೆ ಫೈಲ್ ಎಕ್ಸ್‌ಪ್ಲೋರರ್‌ನ ಪ್ರಿವ್ಯೂ ಪೇನ್‌ನಲ್ಲಿ ಇಣುಕಿದರೂ ಸಾಕಾಗಿತ್ತು. ಅದಕ್ಕೆ ಮದ್ದು ಬಂದದ್ದು ಮರುತಿಂಗಳ ಅಪ್‌ಡೇಟ್‌ನಲ್ಲಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅದನ್ನು ಬಳಸುವವರು ಮುಂದಿನ ದಾರಿ ನೋಡಿಕೊಳ್ಳಬೇಕು.

ಪಾಸ್‌ವರ್ಡ್ ಹಾಕಿದ ಜಿಪ್ ಕಡತಗಳ ವಿಷಯದಲ್ಲಿ ನಮ್ಮ ಬ್ಯಾಂಕುಗಳು ನಮ್ಮನ್ನು ಸ್ವಲ್ಪ ಹಾಳುಮಾಡಿವೆ ಎಂಬುದು ನನ್ನ ಅಭಿಪ್ರಾಯ. ಅವು ಸ್ಟೇಟ್‌ಮೆಂಟ್‌ಗಳಿಗೆ ಪಾಸ್‌ವರ್ಡ್ ಹಾಕಿ ಕಳಿಸುವುದರಿಂದ, ಪಾಸ್‌ವರ್ಡ್ ಇದ್ದರೆ ಭದ್ರ ಎಂದು ನಾವು ರೂಢಿಯಿಂದ ನಂಬುತ್ತೇವೆ. ಬ್ಯಾಂಕು ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ದಿನಾಂಕ ಎಂದು ಸೂತ್ರ ಹೇಳುತ್ತದೆಯೇ ಹೊರತು ಪಾಸ್‌ವರ್ಡನ್ನೇ ಬರೆದು ಕಳಿಸುವುದಿಲ್ಲ. ಬೀಗವನ್ನೂ ಕೀಲಿಯನ್ನೂ ಒಂದೇ ಇಮೇಲ್‌ನಲ್ಲಿ ಕಳಿಸಿದವರ ಉದ್ದೇಶ ನಿಮ್ಮ ಗುಟ್ಟು ಕಾಪಾಡುವುದಲ್ಲ. ಬಹುತೇಕ ಅದು ಆಂಟಿವೈರಸ್ ಒಳಗೆ ನೋಡದಂತೆ ಮಾಡುವ ಉಪಾಯ.

ಸಂಶಯವಿದ್ದೂ ಓದಲೇಬೇಕಾದ ಕಡತವಾದರೆ ಡೌನ್‌ಲೋಡ್ ಮಾಡದೆ ಜಿಮೇಲ್‌ನ ಪ್ರಿವ್ಯೂನಲ್ಲೇ ನೋಡಬಹುದು. ಅಲ್ಲಿ ಮ್ಯಾಕ್ರೋ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಹಾಗೆ ನೋಡುವಾಗಲೂ ಒಳಗಿರುವ ಲಿಂಕುಗಳನ್ನು ಒತ್ತಬಾರದು. ವೈರಸ್‌ಟೋಟಲ್ ಎಂಬ ತಾಣಕ್ಕೆ ಕಡತವನ್ನು ಏರಿಸಿದರೆ ಹತ್ತಾರು ಆಂಟಿವೈರಸ್‌ಗಳು ಅದನ್ನು ಪರೀಕ್ಷಿಸುತ್ತವೆ, ಆದರೆ ಏರಿಸಿದ ಕಡತ ಅಲ್ಲಿನ ಚಂದಾದಾರ ಸಂಶೋಧಕರಿಗೂ ಸಿಗುತ್ತದೆ. ಆಧಾರ್ ಪ್ರತಿ, ಕ್ರಯಪತ್ರ, ವೈದ್ಯಕೀಯ ವರದಿಗಳನ್ನು ಅಲ್ಲಿಗೆ ಹಾಕಕೂಡದು.

ಗುಂಡಿ ಒತ್ತಿಯಾದ ಮೇಲೆ ಅನುಮಾನ ಬಂದರೆ ಮೊದಲು ವೈಫೈ ಆಫ್ ಮಾಡಿ, ಇಲ್ಲವೇ ನೆಟ್‌ವರ್ಕ್ ಕೇಬಲ್ ಕೀಳಿ. ಬಳಿಕ ವಿಂಡೋಸ್ ಸೆಕ್ಯುರಿಟಿಯ 'ಸ್ಕ್ಯಾನ್ ಆಪ್ಷನ್ಸ್'ನಲ್ಲಿ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಆರಿಸಿದರೆ ಕಂಪ್ಯೂಟರ್ ಮತ್ತೆ ಆರಂಭವಾಗಿ, ವಿಂಡೋಸ್ ಪೂರ್ತಿ ಎದ್ದೇಳುವ ಮೊದಲೇ ತಪಾಸಣೆ ನಡೆಯುತ್ತದೆ. ಅದಕ್ಕೆ ಸುಮಾರು 15 ನಿಮಿಷ ಹಿಡಿಯಬಹುದು. ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಬೇಕೇ ಹೊರತು ಅದೇ ಕಂಪ್ಯೂಟರಿನಿಂದಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕಡತಗಳೆಲ್ಲ ಬೀಗ ಬಿದ್ದು ಹಣ ಕೇಳುವ ಸೂಚನೆ ಪರದೆಯ ಮೇಲೆ ಬಂದಿದ್ದರೆ, ಬ್ಯಾಕಪ್ ಇರುವ ಹಾರ್ಡ್ ಡಿಸ್ಕನ್ನು ಆತುರದಲ್ಲಿ ಆ ಕಂಪ್ಯೂಟರಿಗೆ ಸಿಕ್ಕಿಸಬೇಡಿ. ಸಿಕ್ಕಿಸಿದರೆ ಅದರಲ್ಲಿರುವ ಕಡತಗಳಿಗೂ ಅದೇ ಬೀಗ ಬೀಳಬಹುದು. ವಿಂಡೋಸ್ ಅನ್ನು ಹೊಸದಾಗಿ ಹಾಕಿ, ಅಪ್‌ಡೇಟ್ ಮುಗಿಸಿ, ಆಮೇಲೆ ಆ ಡಿಸ್ಕನ್ನು ಸಿಕ್ಕಿಸಿ.