ಬೆಳೆಯುವ ಊರಿನಲ್ಲಿ ಆನೆಕಾಲು ರೋಗ ತಡೆಯುವುದು ಹೇಗೆ?

ಕಾಲು ಊದಿದ ಮೇಲೆ ಎಲ್ಲರ ಕಣ್ಣಿಗೆ ಬೀಳುವ ರೋಗ ಇದು. ಆದರೆ ಇದರ ಹುಳ ಮೈ ಸೇರುವುದು ಎಷ್ಟೋ ವರ್ಷ ಮೊದಲು, ಹೆಚ್ಚಾಗಿ ಚಿಕ್ಕಂದಿನಲ್ಲೇ. ವೇಗವಾಗಿ ಬೆಳೆಯುವ ಊರಲ್ಲಿ ಮನೆಗಳು ಮೊದಲು ಏಳುತ್ತವೆ, ಚರಂಡಿ ಆಮೇಲೆ ಬರುತ್ತದೆ. ನಿಂತ ಕೊಳಕು ನೀರಲ್ಲಿ ಕ್ಯೂಲೆಕ್ಸ್ ಸೊಳ್ಳೆ ಹುಟ್ಟಿ ರೋಗ ಹರಡುತ್ತದೆ.

1. ರೋಗ ಇದೆಯೇ ಪತ್ತೆ ಮಾಡಿ. ಹುಳದ ಮರಿಗಳು ಬಹುತೇಕ ಕಡೆ ರಾತ್ರಿ ಹೊತ್ತೇ ರಕ್ತದಲ್ಲಿ ಓಡಾಡುತ್ತವೆ. ಹಾಗಾಗಿ ರಕ್ತದ ಹನಿ ತೆಗೆಯುವುದೂ ರಾತ್ರಿಯೇ.

2. ಎಲ್ಲರಿಗೂ ಮಾತ್ರೆ ನುಂಗಿಸಿ. ಹೆಚ್ಚಿನ ಗಮನ ಬೇಕಾಗಿರುವುದು ಇಲ್ಲೇ. ಆಲ್ಬೆಂಡಜೋಲ್ ಎಂಬ ಹುಳದ ಮಾತ್ರೆ ಜೊತೆ ಡಿಇಸಿ (ಡೈಈಥೈಲ್‌ಕಾರ್ಬಮಜೀನ್) ಅಥವಾ ಐವರ್ಮೆಕ್ಟಿನ್ ಎಂಬ ಔಷಧಿ ಕೊಡುತ್ತಾರೆ. ಕೆಲವು ಕಡೆ ಮೂರನ್ನೂ ಒಟ್ಟಿಗೆ ಕೊಡಲು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಸಲಹೆ ನೀಡಿತು. ಎಲ್ಲಿಗೆ ಯಾವುದು ಅಂತ ಆರೋಗ್ಯ ಇಲಾಖೆಯೇ ತೀರ್ಮಾನಿಸಬೇಕು. ಗರ್ಭಿಣಿಯರು, ಪುಟ್ಟ ಮಕ್ಕಳು, ತುಂಬಾ ಕಾಯಿಲೆ ಬಿದ್ದವರನ್ನು ಬಿಟ್ಟು ಉಳಿದವರೆಲ್ಲ ನುಂಗಬೇಕು. ರೋಗವಿರುವ ಪ್ರದೇಶದ ಒಟ್ಟು ಜನರಲ್ಲಿ ಕನಿಷ್ಠ ಶೇ 65ರಷ್ಟು ಮಂದಿ ಪ್ರತಿ ಸುತ್ತಿನಲ್ಲೂ ನುಂಗಿದರೆ ಮಾತ್ರ ಹರಡುವುದು ನಿಲ್ಲುತ್ತದೆ.

ಬೆಳೆಯುವ ಊರುಗಳು ಎಡವುವುದು ಈ ಲೆಕ್ಕದಲ್ಲಿ. ಹಳೆಯ ಪಟ್ಟಿ ಹಿಡಿದು ಹೋದರೆ ಕಟ್ಟಡ ಕೆಲಸದವರ ಶೆಡ್‌ಗಳು, ನಿನ್ನೆ ಮೊನ್ನೆ ಎದ್ದ ಗುಡಿಸಲುಗಳು ಬಿಟ್ಟೇ ಹೋಗುತ್ತವೆ. ಮೊದಲು ಹೊಸದಾಗಿ ಮನೆ ಎಣಿಸಿ. ಸಂಜೆ ಕೆಲಸ ಬಿಟ್ಟ ಮೇಲೆ ಹೋಗಿ. ಮಾತ್ರೆಯನ್ನು ಸುಮ್ನೆ ಕೈಗಿಟ್ಟು ಬರಬೇಡಿ, ಎದುರಿಗೇ ನುಂಗಿಸಿ. ಕೆಲವರಿಗೆ ಜ್ವರ, ತಲೆನೋವು ಬರಬಹುದು. ಹುಳದ ಮರಿಗಳು ಸಾಯುವಾಗ ಹೀಗಾಗುತ್ತದೆ ಎಂದು ಮೊದಲೇ ಹೇಳಿದರೆ ಜನ ಹೆದರುವುದಿಲ್ಲ, ಅಲ್ವಾ?

ಒಂದೇ ವರ್ಷಕ್ಕೆ ಇದು ಮುಗಿಯುವುದಿಲ್ಲ. ದೊಡ್ಡ ಹುಳಗಳು 6ರಿಂದ 8 ವರ್ಷ ಬದುಕುತ್ತವೆ. ಎರಡು ಔಷಧಿಯಾದರೆ ವರ್ಷಕ್ಕೊಂದರಂತೆ ಕನಿಷ್ಠ 5 ಸುತ್ತು ಬೇಕು. ಪಟ್ಟು ಹಿಡಿದರೆ ಆಗುತ್ತದೆ: ಶ್ರೀಲಂಕಾ 2016ರಲ್ಲಿ, ಆಫ್ರಿಕಾದ ಟೋಗೊ 2017ರಲ್ಲಿ ಈ ರೋಗ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ಮಾಡಿದ ದೇಶಗಳ ಪಟ್ಟಿ ಸೇರಿದವು.

3. ನೀರು ನಿಲ್ಲದಂತೆ ನೋಡಿಕೊಳ್ಳಿ. ಚರಂಡಿಯ ಹೂಳು ತೆಗೆಸಿ, ಪಾಯಿಖಾನೆ ಗುಂಡಿಗಳನ್ನು ಬಿಗಿಯಾಗಿ ಮುಚ್ಚಿಸಿ, ಗಾಳಿ ಕೊಳವೆಗೆ ಬಲೆ ಕಟ್ಟಿಸಿ.

4. ಈಗಾಗಲೇ ಕಾಲು ಊದಿದವರನ್ನು ಮರೆಯಬೇಡಿ. ಮಾತ್ರೆಯಿಂದ ಅವರ ಊತ ಇಳಿಯದು ಎಂದು ಕೈಬಿಡುವುದು ಅನ್ಯಾಯ. ದಿನಾ ಸೋಪು ಹಚ್ಚಿ ಕಾಲು ತೊಳೆದು, ಬೆರಳ ಸಂದಿ ಒರೆಸಿ ಒಣಗಿಸಲು ಮನೆಯವರಿಗೆ ತೋರಿಸಿಕೊಡಿ. ಕೂತಾಗ ಕಾಲು ಎತ್ತರದಲ್ಲಿರಲಿ. ಸಣ್ಣ ಗಾಯಕ್ಕೂ ಮುಲಾಮು ಹಚ್ಚಿ. ಕಾಲು ಕೆಂಪಾಗಿ ಜ್ವರ ಬಂದರೆ, ಕಾಲಿನ ವ್ಯಾಯಾಮ ಮಾಡುತ್ತಿದ್ದರೆ ನಿಲ್ಲಿಸಿ, ತಣ್ಣೀರ ಬಟ್ಟೆ ಇಟ್ಟು, ತಡಮಾಡದೆ ವೈದ್ಯರ ಬಳಿ ಕರೆದುಕೊಂಡು ಹೋಗಿ.